ಗುರುವಾರದ ಊಟಕ್ಕೆ ಶನಿವಾರದ ಕೆಲಸ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಅಂದು ಮಧ್ಯಾಹ್ನದ ಹೊತ್ತಿಗೆ ಆ ದೇಶದ ಕೋಟ್ಯಂತರ ಮನೆಗಳ ಓವನ್‌ಗಳಲ್ಲಿ ಬೇಯುತ್ತಿರುವುದು ಒಂದೇ ಅಡುಗೆ, ಇಡೀ ಟರ್ಕಿ ಕೋಳಿ. ಆರೇಳು ಕಿಲೋ ತೂಗುವ ಹಕ್ಕಿ, ಮನೆ ತುಂಬ ನೆಂಟರು, ವರ್ಷಕ್ಕೊಮ್ಮೆ ಮಾತ್ರ ಕೈಹಾಕುವ ಕೆಲಸ. ಕೆಟ್ಟರೆ ಮತ್ತೊಂದು ಮಾಡಲು ಅಂದು ಹೊತ್ತೂ ಇರುವುದಿಲ್ಲ, ಅಂಗಡಿಯೂ ತೆರೆದಿರುವುದು ಕಡಿಮೆ. ಹೀಗಾಗಿ ಒಣಗಿ ನಾರಾದ ಎದೆಮಾಂಸವನ್ನು ಗ್ರೇವಿಯಲ್ಲಿ ಅದ್ದಿ ನುಂಗುವುದೇ ಹಬ್ಬದೂಟ ಎಂದು ಒಪ್ಪಿಕೊಂಡ ಮನೆಗಳು ಬಹಳ. ಹಾಗೆ ಒಪ್ಪಿಕೊಳ್ಳಬೇಕಾಗಿಲ್ಲ. ಟರ್ಕಿ ರುಚಿಯಾದ ಮಾಂಸ. ಅದನ್ನು ಕೆಡಿಸುವುದು ಅವಸರ, ಮತ್ತು ಗಡಿಯಾರದ ಮೇಲಿನ ಅತಿಯಾದ ನಂಬಿಕೆ.

ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಇದು ಈಗ ಹೊರಗಿನ ಮಾತಲ್ಲ. ಮಕ್ಕಳು ಶಾಲೆಯಲ್ಲಿ ಬಣ್ಣದ ಕಾಗದ ಕತ್ತರಿಸಿ ಟರ್ಕಿ ಮಾಡಿ ತರುತ್ತಾರೆ, “ಅಮ್ಮ, ನಮ್ಮನೇಲಿ ಯಾವಾಗ ಮಾಡೋದು?” ಎಂದು ಕೇಳುತ್ತಾರೆ. ಅಮ್ಮ ಮಂಡ್ಯದವಳಿರಲಿ, ಮಡಿಕೇರಿಯವಳಿರಲಿ, ಕೋಳಿ ಸಾರಿನಲ್ಲಿ ಪಳಗಿದ ಕೈ. ಆದರೆ ನಮ್ಮ ಅಡುಗೆಯಲ್ಲಿ ಮಾಂಸ ಒಲೆ ಏರುವ ಮೊದಲೇ ತುಂಡಾಗಿರುತ್ತದೆ, ಮಸಾಲೆ ರಸದಲ್ಲಿ ಮುಳುಗಿ ಬೇಯುತ್ತದೆ. ಅಲ್ಲಿ ಒಣಗುವ ಭಯವಿಲ್ಲ. ಇಡೀ ಹಕ್ಕಿಯನ್ನು ಒಣ ಶಾಖದಲ್ಲಿ ಬೇಯಿಸುವುದು ಬೇರೆಯೇ ವಿದ್ಯೆ. ಅದರ ನಿಯಮಗಳು ಕೆಲವೇ, ಮತ್ತು ಒಂದೊಂದಕ್ಕೂ ಕಾರಣವಿದೆ. ಕಾರಣ ತಿಳಿದರೆ ನಿಯಮ ತಾನಾಗಿ ನೆನಪಿರುತ್ತದೆ.

ಟರ್ಕಿ ಅಮೆರಿಕ ಖಂಡದ್ದೇ ಹಕ್ಕಿ. ಮೆಕ್ಸಿಕೋದ ಮೂಲನಿವಾಸಿಗಳು ಅದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಪಳಗಿಸಿದ್ದರು. ಹದಿನಾರನೇ ಶತಮಾನದ ಆರಂಭದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು. ಅಲ್ಲಿಂದ ಸಮುದ್ರದ ದಾರಿಯಲ್ಲಿ ಅದು ನಮ್ಮ ಪಕ್ಕದ ಗೋವಾಕ್ಕೂ ಬಂತು. 1612ರಲ್ಲಿ ಮೊಗಲ್ ಅಧಿಕಾರಿ ಮುಕರ್ರಬ್ ಖಾನ್ ಗೋವಾದಿಂದ ಬಾದಶಹ ಜಹಾಂಗೀರನಿಗೆ ತಂದೊಪ್ಪಿಸಿದ ಅಪರೂಪದ ಪ್ರಾಣಿಪಕ್ಷಿಗಳಲ್ಲಿ ಟರ್ಕಿಯೂ ಇತ್ತು. ಬಾದಶಹ ಬೆರಗಾಗಿ ತನ್ನ ಆತ್ಮಚರಿತ್ರೆಯಲ್ಲಿ ಅದನ್ನು ವರ್ಣಿಸಿದ, ಆಸ್ಥಾನದ ಚಿತ್ರಗಾರ ಉಸ್ತಾದ್ ಮನ್ಸೂರ್ ಅದರ ಚಿತ್ರ ಬರೆದ. ಆ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಥ್ಯಾಂಕ್ಸ್‌ಗಿವಿಂಗ್‌ನ ಮೂಲವೆಂದು ಅಮೆರಿಕನ್ನರು ನೆನೆಯುವ, ಇಂಗ್ಲಿಷ್ ವಲಸಿಗರ ನೆಲೆಯಾದ ಪ್ಲಿಮತ್‌ನ ಸುಗ್ಗಿ ಊಟ ನಡೆದದ್ದು 1621ರಲ್ಲಿ. ಅದಕ್ಕೂ ಮೊದಲೇ ಮೊಗಲ್ ಆಸ್ಥಾನ ಈ ಹಕ್ಕಿಯನ್ನು ಕಂಡಿತ್ತು.

ಆ 1621ರ ಊಟದ ಬಗ್ಗೆ ಆ ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್‌ಲೋ ಬರೆದ ಪತ್ರದಲ್ಲಿ ಬೇಟೆಯಾಡಿ ತಂದ ಹಕ್ಕಿಗಳ ಮಾತಿದೆ, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನ ತಂದ ಐದು ಜಿಂಕೆಗಳ ಮಾತಿದೆ. ಟರ್ಕಿಯ ಹೆಸರಿಲ್ಲ. ಟರ್ಕಿಯನ್ನು ಈ ಹಬ್ಬದ ತಟ್ಟೆಗೆ ತಂದವರಲ್ಲಿ ಮುಖ್ಯಳು ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ. 1827ರ ತನ್ನ ಕಾದಂಬರಿಯಲ್ಲಿ ಆಕೆ ಮೇಜಿನ ತಲೆಯಲ್ಲಿ ರೋಸ್ಟ್ ಮಾಡಿದ ಟರ್ಕಿಯನ್ನು ಕೂರಿಸಿ ಥ್ಯಾಂಕ್ಸ್‌ಗಿವಿಂಗ್ ಊಟವನ್ನು ವರ್ಣಿಸಿದ್ದಳು. ಇದನ್ನು ರಾಷ್ಟ್ರೀಯ ಹಬ್ಬ ಮಾಡಿ ಎಂದು ವರ್ಷಗಟ್ಟಲೆ ಬರೆದಳು. ಕೊನೆಗೆ 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಘೋಷಿಸಿದರು. ನಾಲ್ಕನೇ ಗುರುವಾರ ಎಂಬುದು ಕಾನೂನಾದದ್ದು 1941ರಲ್ಲಿ. ಆದರೆ ಪ್ಲಿಮತ್‌ನಲ್ಲೇ 1970ರಿಂದ ಇದೇ ದಿನವನ್ನು ಶೋಕದ ದಿನವಾಗಿ ಆಚರಿಸುವ ಮೂಲನಿವಾಸಿಗಳೂ ಇದ್ದಾರೆ. ಹಬ್ಬದ ಮೇಜಿಗೆ ಕೂರುವವರು ಅದನ್ನೂ ತಿಳಿದಿರಬೇಕು.

ಇನ್ನು ಅಡುಗೆಮನೆಗೆ ಬರೋಣ.

ಮೊದಲ ಪ್ರಶ್ನೆ, ಎಷ್ಟು ದೊಡ್ಡದು ಬೇಕು? ಮೂಳೆ ಸೇರಿ ತಲೆಗೆ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಎಂದು ಲೆಕ್ಕ ಹಿಡಿದರೆ ಮಾರನೆಯ ದಿನಕ್ಕೂ ಉಳಿಯುತ್ತದೆ. ಹತ್ತು ಹನ್ನೆರಡು ಜನರಿಗೆ 15 ಪೌಂಡ್, ಎಂದರೆ ಏಳು ಕಿಲೋಗೆ ಸ್ವಲ್ಪ ಕಡಿಮೆ ತೂಕದ ಹಕ್ಕಿ ಸಾಕು. ಇಪ್ಪತ್ತು ಜನ ಬರುವುದಾದರೆ ಒಂದು ಭಾರಿ ಹಕ್ಕಿಗಿಂತ ಸಣ್ಣವು ಎರಡು ಮೇಲು. ಸಣ್ಣದು ಬೇಗ ಬೇಯುತ್ತದೆ, ಸಮವಾಗಿ ಬೇಯುತ್ತದೆ.

ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕಲ್ಲಿನಂತೆ ಹೆಪ್ಪುಗಟ್ಟಿದ್ದು. ಸಂಕಟ ಶುರುವಾಗುವುದೇ ಇಲ್ಲಿ. ಬಟರ್‌ಬಾಲ್ ಕಂಪನಿ 1981ರಲ್ಲಿ ಟರ್ಕಿ ಬೇಯಿಸುವವರಿಗಾಗಿ ಒಂದು ಸಹಾಯವಾಣಿ ತೆರೆಯಿತು. ಮೊದಲ ವರ್ಷವೇ ಹನ್ನೊಂದು ಸಾವಿರ ಕರೆ ಬಂದವು. ಇಂದಿಗೂ ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಹೆಪ್ಪು ಬಿಡಿಸುವುದು ಹೇಗೆ ಎಂಬುದೇ. ಉತ್ತರ ಸರಳ: ಫ್ರಿಜ್‌ನಲ್ಲಿ, ನಿಧಾನವಾಗಿ. ಪ್ರತಿ ನಾಲ್ಕೈದು ಪೌಂಡಿಗೆ ಒಂದು ಇಡೀ ದಿನ ಬೇಕು. 15 ಪೌಂಡಿನ ಹಕ್ಕಿಗೆ ಮೂರರಿಂದ ನಾಲ್ಕು ದಿನ. ಗುರುವಾರದ ಊಟವೆಂದರೆ ಶನಿವಾರ ಬೆಳಿಗ್ಗೆಯೇ ಅದು ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಅರೆಗೆ ಇಳಿಯಬೇಕು, ಕೆಳಗೊಂದು ಅಗಲವಾದ ತಟ್ಟೆ ಇರಬೇಕು. ನೀರು ತೊಟ್ಟಿಕ್ಕುತ್ತದೆ, ಅದು ತರಕಾರಿಗೆ ತಾಗಬಾರದು. ಮಂಗಳವಾರಕ್ಕೆ ಹೆಪ್ಪು ಬಿಟ್ಟರೂ ಇನ್ನೆರಡು ದಿನ ಫ್ರಿಜ್‌ನಲ್ಲಿ ಚೆನ್ನಾಗಿಯೇ ಇರುತ್ತದೆ. ಆ ಎರಡು ದಿನ ವ್ಯರ್ಥವೂ ಆಗುವುದಿಲ್ಲ, ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಹೆಪ್ಪುಗಟ್ಟಿದ ಮೀನನ್ನೋ ಮಾಂಸವನ್ನೋ ಕಟ್ಟೆಯ ಮೇಲಿಟ್ಟು ಬಿಡುವ ರೂಢಿಯಿದೆ. ಅರ್ಧ ಕಿಲೋ ತುಂಡಿಗೆ ಅದು ನಡೆದುಹೋಗಬಹುದು. ಏಳು ಕಿಲೋಗೆ ಹಾಗೆ ಮಾಡಲೇಬಾರದು. ಒಳಗು ಇನ್ನೂ ಮಂಜಾಗಿರುವಾಗಲೇ ಹೊರಗಿನ ಮಾಂಸ 4 ಡಿಗ್ರಿ ಸೆಲ್ಸಿಯಸ್ ದಾಟಿ ಗಂಟೆಗಟ್ಟಲೆ ಕೂತಿರುತ್ತದೆ. 4ರಿಂದ 60 ಡಿಗ್ರಿಯ ನಡುವಿನ ಶಾಖದಲ್ಲಿ ಬ್ಯಾಕ್ಟೀರಿಯಾ ಬಹಳ ವೇಗವಾಗಿ ಹೆಚ್ಚುತ್ತವೆ. ಬುಧವಾರ ನೆನಪಾಯಿತು ಎಂದರೂ ದಾರಿಯುಂಟು. ನೀರು ಒಳಹೋಗದಂತೆ ಚೀಲದಲ್ಲಿ ಬಿಗಿದು ತಣ್ಣೀರಲ್ಲಿ ಮುಳುಗಿಸಿಡುವುದು, ಪ್ರತಿ ಅರ್ಧ ಗಂಟೆಗೊಮ್ಮೆ ನೀರು ಬದಲಿಸುವುದು. ಪೌಂಡಿಗೆ ಅರ್ಧ ಗಂಟೆಯಂತೆ ಏಳೆಂಟು ಗಂಟೆ ಹಿಡಿಯುತ್ತದೆ, ಆಮೇಲೆ ತಡಮಾಡದೆ ಬೇಯಿಸಬೇಕು. ಬಿಸಿನೀರು ಮಾತ್ರ ಬೇಡ.

ಹೆಪ್ಪು ಬಿಟ್ಟ ಮೇಲೆ ಹೊಟ್ಟೆಯೊಳಗೂ ಕುತ್ತಿಗೆಯ ಕಡೆಯೂ ಕೈಹಾಕಿ ನೋಡಿ. ಕುತ್ತಿಗೆ, ಗುಂಡಿಗೆ, ಲಿವರ್ ಇವುಗಳನ್ನು ಪೊಟ್ಟಣ ಕಟ್ಟಿ ಒಳಗಿಟ್ಟಿರುತ್ತಾರೆ. ತೆಗೆದು ಜೋಪಾನ ಮಾಡಿ, ಲಿವರ್ ಬಿಟ್ಟು ಉಳಿದವು ಗ್ರೇವಿಗೆ ಬೇಕು.

ಈಗ ನಮ್ಮ ಮನೆಗಳವರಿಗೆ ಒಪ್ಪಲು ಕಷ್ಟವಾಗುವ ಮಾತೊಂದನ್ನು ಹೇಳಬೇಕು. ಹಕ್ಕಿಯನ್ನು ತೊಳೆಯಬೇಡಿ. ಮಾಂಸವನ್ನು ಅರಿಶಿನ ಹಾಕಿ ಮೂರು ನೀರಲ್ಲಿ ತೊಳೆಯದೆ ಒಲೆಯ ಮೇಲಿಡುವುದು ನಮಗೆ ಊಹೆಗೂ ನಿಲುಕದು. ಅಂಗಡಿಯಲ್ಲಿ ನಮ್ಮೆದುರೇ ಕೊಯ್ದು ಕೊಡುವ ಕೋಳಿಗೆ ರಕ್ತ, ಪುಕ್ಕ, ಮೂಳೆಪುಡಿ ಅಂಟಿರುತ್ತದೆ, ಅದಕ್ಕೆ ಆ ರೂಢಿ ಹುಟ್ಟಿತು. ಪ್ಯಾಕೆಟ್ಟಿನ ಟರ್ಕಿ ಕಾರ್ಖಾನೆಯಲ್ಲೇ ಶುಚಿಯಾಗಿ ಬಂದಿರುತ್ತದೆ. ಉಳಿದಿರಬಹುದಾದ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ಗಳು ನಲ್ಲಿಯ ನೀರಿಗೆ ಹೋಗುವಂಥವಲ್ಲ. ನೀರಿನೊಂದಿಗೆ ಸಿಡಿದು ಸಿಂಕ್, ಕಟ್ಟೆ, ಪಕ್ಕದ ಕೊತ್ತಂಬರಿ ಕಟ್ಟಿನವರೆಗೂ ಹರಡುತ್ತವೆ. ಅವನ್ನು ಕೊಲ್ಲುವುದು ಓವನ್‌ನ ಶಾಖ. ಅಮೆರಿಕದ ಕೃಷಿ ಇಲಾಖೆ ವರ್ಷ ವರ್ಷವೂ ಇದನ್ನೇ ಹೇಳುತ್ತಿದೆ. ಕಾಗದದ ಟವೆಲ್‌ನಿಂದ ಒಳಗೂ ಹೊರಗೂ ಚೆನ್ನಾಗಿ ಒರೆಸಿ, ಕೈ ತೊಳೆದುಕೊಳ್ಳಿ. ಅಷ್ಟು ಸಾಕು.

ಒರೆಸಿದ ಮೇಲೆ ಉಪ್ಪು. ಸಾರಿನ ತುಂಡುಗಳಿಗೆ ಉಪ್ಪು ಹಿಡಿಯಬೇಕು ಎನ್ನುತ್ತೇವಲ್ಲ, ಇಲ್ಲೂ ಅದೇ, ಆದರೆ ಎರಡು ದಿನ ಬೇಕು. ಕಿಲೋಗೆ ಐದರಿಂದ ಏಳು ಗ್ರಾಂ ಲೆಕ್ಕದಲ್ಲಿ ಉಪ್ಪನ್ನು ಎದೆ, ತೊಡೆ, ಹೊಟ್ಟೆಯೊಳಗು ಎಲ್ಲ ಕಡೆ ಉಜ್ಜಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಮೊದಲು ಉಪ್ಪು ನೀರನ್ನು ಹೊರಗೆಳೆಯುತ್ತದೆ, ಚರ್ಮದ ಮೇಲೆ ಹನಿಗಳು ಕಾಣುತ್ತವೆ. ಆಮೇಲೆ ಆ ಉಪ್ಪುನೀರು ಮೆಲ್ಲಗೆ ಮರಳಿ ಒಳಗಿಳಿಯುತ್ತದೆ. ಮಾಂಸದ ಎಳೆಗಳಲ್ಲಿರುವ ಪ್ರೋಟೀನಿನ ಸ್ವಲ್ಪ ಭಾಗ ಉಪ್ಪಿನಲ್ಲಿ ಕರಗುತ್ತದೆ, ಹಾಗೆ ಸಡಿಲಾದ ಎಳೆ ಬೇಯುವಾಗ ಅಷ್ಟು ಬಿಗಿಯಾಗಿ ಹಿಂಡಿಕೊಳ್ಳುವುದಿಲ್ಲ, ರಸ ಒಳಗೇ ಉಳಿಯುತ್ತದೆ. ಚರ್ಮ ಫ್ರಿಜ್‌ನ ಒಣಗಾಳಿಗೆ ಆರಿ ಹಾಳೆಯಂತಾಗುತ್ತದೆ, ಮುಂದೆ ಅದೇ ಗರಿಗರಿಯಾಗುತ್ತದೆ. ಬಕೆಟ್ಟಿನಷ್ಟು ಉಪ್ಪುನೀರಿನಲ್ಲಿ ಇಡೀ ಹಕ್ಕಿಯನ್ನು ಮುಳುಗಿಸಿಡುವ ಪದ್ಧತಿಯೂ ಜನಪ್ರಿಯ. ರಸವೇನೋ ಉಳಿಯುತ್ತದೆ, ಆದರೆ ಹೀರಿಕೊಂಡ ನೀರಿನಿಂದ ಮಾಂಸದ ಸ್ವಂತ ರುಚಿ ತೆಳುವಾಗುತ್ತದೆ, ಚರ್ಮ ನೆನೆದಿರುತ್ತದೆ. ಅಷ್ಟು ದೊಡ್ಡ ಪಾತ್ರೆಗೆ ಫ್ರಿಜ್‌ನಲ್ಲಿ ಜಾಗ ಮಾಡುವುದೂ ಸುಲಭವಲ್ಲ. ಒಣ ಉಪ್ಪೇ ಉತ್ತಮ ಎಂಬುದು ನನ್ನ ತೀರ್ಮಾನ. ಒಂದು ಎಚ್ಚರಿಕೆ: ಕೆಲವು ಟರ್ಕಿಗಳಿಗೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ. ಪ್ಯಾಕೆಟ್ಟಿನ ಸಣ್ಣಕ್ಷರ ಓದಿ, ಹಾಗಿದ್ದರೆ ಮತ್ತೆ ಉಪ್ಪು ಉಜ್ಜಬೇಡಿ.

ಎದೆಮಾಂಸ ಒಣಗುವುದೇಕೆ ಎಂಬುದು ಈ ಅಡುಗೆಯ ತಿರುಳು. ಟರ್ಕಿ ನೋಡಲು ಒಂದು ಹಕ್ಕಿ, ಬೇಯಿಸಲು ಎರಡು ಬಗೆಯ ಮಾಂಸ. ಇಡೀ ದಿನ ನೆಲದ ಮೇಲೆ ನಡೆದಾಡುವ ಹಕ್ಕಿಯ ಕಾಲುಗಳು ಸದಾ ದುಡಿಯುತ್ತವೆ. ಅವುಗಳಿಗೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಹೆಚ್ಚು, ಅದಕ್ಕೇ ಆ ಮಾಂಸ ಕೆಂಪು. ಎಲುಬಿಗೆ ಅಂಟಿದ ನರಪೊರೆಯಲ್ಲಿ ಕೊಲಾಜೆನ್ ಹೆಚ್ಚು. ಈ ಕೊಲಾಜೆನ್ ಕರಗಿ ಮೆತ್ತಗಾಗಲು 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಹೋಗಬೇಕು. ಎದೆಯ ಸ್ನಾಯುವಿಗೆ ಅಂಥ ದುಡಿಮೆ ಇಲ್ಲ. ಕಾಡು ಟರ್ಕಿ ಅಪಾಯ ಕಂಡಾಗ ಒಮ್ಮೆ ಬಿರುಸಿನಿಂದ ಹಾರುತ್ತದೆ, ಅಷ್ಟೇ. ಬಿಳಿ ಮಾಂಸ, ಕೊಬ್ಬು ಕಡಿಮೆ, ಕೊಲಾಜೆನ್ ಕಡಿಮೆ. ಅದು 65 ಡಿಗ್ರಿ ದಾಟುತ್ತಿದ್ದಂತೆ ರಸ ಬಿಡಲು ಶುರುಮಾಡುತ್ತದೆ, 80ಕ್ಕೆ ಮುಟ್ಟಿದರೆ ಹತ್ತಿಯಾಗುತ್ತದೆ.

ಕಾಲಿಗೆ 80 ಬೇಕು, ಎದೆಗೆ 80 ಆಗಬಾರದು, ಎರಡೂ ಒಂದೇ ಓವನ್‌ನಲ್ಲಿ ಒಂದೇ ಮೈಗೆ ಅಂಟಿಕೊಂಡಿವೆ. ಸಾಲದ್ದಕ್ಕೆ ಎದೆ ಮೇಲ್ಮುಖವಾಗಿ ಶಾಖಕ್ಕೆ ಒಡ್ಡಿಕೊಂಡಿರುತ್ತದೆ, ತೊಡೆಯ ಸಂದು ಅಡಿಯಲ್ಲಿ ಅಡಗಿರುತ್ತದೆ. ಇಂದು ಮಾರಾಟವಾಗುವ ಅಗಲ ಎದೆಯ ಬಿಳಿ ತಳಿಯಲ್ಲಿ ಈ ತೊಡಕು ಇನ್ನೂ ಹೆಚ್ಚು. ಹೆಚ್ಚು ಎದೆಮಾಂಸಕ್ಕಾಗಿ ತಲೆಮಾರುಗಳಿಂದ ಆಯ್ದು ಬೆಳೆಸಿದ ಆ ಹಕ್ಕಿ ಹಾರಲಾರದು, ಸಹಜವಾಗಿ ಕೂಡಲೂ ಆರದು, ಕೃತಕ ಗರ್ಭಧಾರಣೆಯಿಂದಲೇ ಅದರ ಸಂತತಿ ಬೆಳೆಯಬೇಕು. ಇದು ನನಗೆ ಸರಿ ಕಾಣುವುದಿಲ್ಲ. ಬೋರ್ಬನ್ ರೆಡ್, ನ್ಯಾರಗ್ಯಾನ್ಸೆಟ್‌ನಂಥ ಹಳೆಯ ತಳಿಗಳನ್ನು ಸಾಕುವ ರೈತರು ಅಲ್ಲಲ್ಲಿ ಇದ್ದಾರೆ. ಬೆಲೆ ಹೆಚ್ಚು, ಎದೆ ಸಣ್ಣದು, ಮಾಂಸ ರುಚಿ. ಕೈಗೆಟುಕುವವರು ಅವರಿಂದ ಕೊಂಡರೆ ಆ ತಳಿಗಳೂ ಉಳಿಯುತ್ತವೆ.

ಈ ಎದೆ ಮತ್ತು ಕಾಲಿನ ತಕರಾರನ್ನು ಬಗೆಹರಿಸಲು ಬಾಣಸಿಗರು ಹಲವು ದಾರಿ ಹುಡುಕಿದ್ದಾರೆ. ಅಡುಗೆಯ ವಿಜ್ಞಾನ ಬರೆಯುವ ಹ್ಯಾರಲ್ಡ್ ಮ್ಯಾಗೀ ಅವರು ಓವನ್‌ಗೆ ಇಡುವ ಮೊದಲು ಎದೆಯ ಮೇಲೆ ಐಸಿನ ಚೀಲ ಇಟ್ಟು, ಕಾಲುಗಳು ಮಾತ್ರ ಸ್ವಲ್ಪ ಬೆಚ್ಚಗಾಗಲು ಬಿಡುತ್ತಾರೆ. ಎದೆ ತಣ್ಣಗೆ ಹೊರಟರೆ ಹಿಂದೆ ಬೀಳುತ್ತದೆ, ಕಾಲು ಮುಂದೆ ಹೋಗುತ್ತದೆ. ಎದೆ ಕಂದಾಗುತ್ತಿದ್ದಂತೆ ಅದಕ್ಕೆ ಮಾತ್ರ ಫಾಯಿಲ್ ಹೊದಿಸುವುದು ಎಲ್ಲರ ಕೈಗೂ ಸಿಗುವ ಉಪಾಯ. ಎಲ್ಲಕ್ಕಿಂತ ಒಳ್ಳೆಯದು ಬೆನ್ನೆಲುಬು ತೆಗೆಯುವುದು. ಗಟ್ಟಿ ಕತ್ತರಿಯಿಂದ ಬೆನ್ನಿನ ಎರಡೂ ಬದಿ ಕತ್ತರಿಸಿ, ಹಕ್ಕಿಯನ್ನು ಮಗುಚಿ, ಎದೆಮೂಳೆಯ ಮೇಲೆ ಅಂಗೈಯಿಂದ ಒತ್ತಿದರೆ ಅದು ಪುಸ್ತಕದಂತೆ ತೆರೆದು ಚಪ್ಪಟೆಯಾಗುತ್ತದೆ. ಆಗ ಕಾಲುಗಳು ಅಂಚಿನ ಬಿಸಿಗೆ ಬರುತ್ತವೆ, ಎದೆ ನಡುವೆ ಉಳಿಯುತ್ತದೆ, ಇಡೀ ಚರ್ಮ ಮೇಲ್ಮುಖವಾಗಿ ಸಮನಾಗಿ ಗರಿಗರಿಯಾಗುತ್ತದೆ. 450 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 230 ಸೆಲ್ಸಿಯಸ್‌ನಲ್ಲಿ 12–14 ಪೌಂಡಿನ ಹಕ್ಕಿ ಸುಮಾರು ಒಂದೂವರೆ ಗಂಟೆಯಲ್ಲಿ ಬೆಂದಿರುತ್ತದೆ. ಕಾಲು ಬೇರೆ, ಎದೆ ಬೇರೆ ಮಾಡಿ, ಕಾಲನ್ನು ಮುಂಚೆ ಓವನ್‌ಗೆ ಇಟ್ಟರಂತೂ ತೊಡಕೇ ಇಲ್ಲ.

ಇಷ್ಟು ಸುಲಭವಿದ್ದರೂ ಜನ ಇಡೀ ಹಕ್ಕಿಗೇ ಅಂಟಿಕೊಳ್ಳುವುದು ಒಂದು ಚಿತ್ರದ ಪ್ರಭಾವದಿಂದ ಎಂದು ನನಗನಿಸುತ್ತದೆ. 1943ರಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ನಾರ್ಮನ್ ರಾಕ್‌ವೆಲ್ ಬರೆದ ವರ್ಣಚಿತ್ರ ಬಂತು. ಅಜ್ಜಿ ಭಾರಿ ಟರ್ಕಿಯ ತಟ್ಟೆಯನ್ನು ಮೇಜಿಗೆ ಇಳಿಸುತ್ತಿದ್ದಾಳೆ, ಅಜ್ಜ ಹಿಂದೆ ನಿಂತಿದ್ದಾನೆ, ಎರಡೂ ಬದಿಯಲ್ಲಿ ನಗುಮುಖಗಳು. ಹಬ್ಬವೆಂದರೆ ಇದು ಎಂಬುದು ಅಮೆರಿಕದ ಮನಸ್ಸಿನಲ್ಲಿ ಅಚ್ಚೊತ್ತಿತು. ಆ ನೋಟದ ಸೊಗಸನ್ನು ನಾನು ಅಲ್ಲಗಳೆಯಲಾರೆ. ಮನೆಯ ಹಿರಿಯರಿಗೆ ಅದು ಬೇಕೆನಿಸಿದರೆ ಇಡೀ ಹಕ್ಕಿಯನ್ನೇ ಮಾಡಿ. ಉಪ್ಪು ಹಿಡಿದಿದ್ದರೆ, ಫಾಯಿಲ್ ಹೊದಿಸಿದರೆ ಅದೂ ಚೆನ್ನಾಗಿಯೇ ಬರುತ್ತದೆ.

ಇಡೀ ಹಕ್ಕಿಗೆ ಓವನ್ 325 ಡಿಗ್ರಿ ಫ್ಯಾರನ್‌ಹೀಟ್‌ಗೆ, ಎಂದರೆ ಸುಮಾರು 163 ಸೆಲ್ಸಿಯಸ್‌ಗೆ ಕಾದಿರಬೇಕು. ಅದಕ್ಕಿಂತ ಕಡಿಮೆ ಬೇಡ. ಬೆಣ್ಣೆಯ ಬದಲು ತುಪ್ಪ ಸವರಿ. ಬೆಣ್ಣೆಯಲ್ಲಿ ನೀರಿನಂಶವಿದೆ, ತುಪ್ಪದಲ್ಲಿಲ್ಲ, ಹಾಗಾಗಿ ಚರ್ಮ ಚೆನ್ನಾಗಿ ಗರಿಯಾಗುತ್ತದೆ. 15 ಪೌಂಡಿನ ಹಕ್ಕಿಗೆ ಮೂರೂಮುಕ್ಕಾಲರಿಂದ ನಾಲ್ಕೂಕಾಲು ಗಂಟೆ. ನಡುನಡುವೆ ಬಾಗಿಲು ತೆರೆದು ಚಮಚದಿಂದ ರಸ ಸುರಿಯುವ ಅಭ್ಯಾಸ ಅನೇಕರಿಗಿದೆ. ಆ ರಸ ಮಾಂಸದೊಳಗೆ ಇಳಿಯುವುದಿಲ್ಲ, ಚರ್ಮವನ್ನು ನೆನೆಸುತ್ತದೆ, ತೆರೆದ ಸಲವೆಲ್ಲ ಓವನ್ ತಣಿಯುತ್ತದೆ. ಬಿಡುವುದು ಒಳ್ಳೆಯದು. ಬ್ರೆಡ್, ಸೆಲರಿ, ಈರುಳ್ಳಿಯ ಸ್ಟಫಿಂಗನ್ನು ಹೊಟ್ಟೆಯೊಳಗೆ ತುಂಬುವುದೂ ಬೇಡ. ಹಸಿ ರಸ ಹೀರಿದ ಆ ಬ್ರೆಡ್ಡೂ 74 ಡಿಗ್ರಿ ಮುಟ್ಟಬೇಕು, ಅಷ್ಟರಲ್ಲಿ ಎದೆ ಒಣಗಿರುತ್ತದೆ. ಬೇರೆ ತಟ್ಟೆಯಲ್ಲಿ ಬೇಯಿಸಿ.

ಕುದಿಯುವ ಎಣ್ಣೆಯಲ್ಲಿ ಇಡೀ ಟರ್ಕಿ ಕರಿಯುವವರೂ ಇದ್ದಾರೆ. ಒಳಗೆ ಸ್ವಲ್ಪ ಮಂಜು ಉಳಿದಿದ್ದರೂ ಅದು ಕ್ಷಣದಲ್ಲಿ ಆವಿಯಾಗಿ ಎಣ್ಣೆಯನ್ನು ಉಕ್ಕಿಸಿ ಬೆಂಕಿ ಹಿಡಿಸುತ್ತದೆ. ಮಕ್ಕಳಿರುವ ಮನೆಯಲ್ಲಿ ಆ ಸಾಹಸ ಖಂಡಿತ ಬೇಡ.

ಬೆಂದಿತೇ ಎಂದು ಹೇಳುವುದು ಗಡಿಯಾರದ ಕೆಲಸವಲ್ಲ, ಬಣ್ಣದ ಕೆಲಸವೂ ಅಲ್ಲ. ಥರ್ಮಾಮೀಟರ್‌ನ ಮುಳ್ಳನ್ನು ಎದೆಯ ದಪ್ಪ ಭಾಗಕ್ಕೆ, ಆಮೇಲೆ ತೊಡೆಯ ಒಳಸಂದಿಗೆ ಮೂಳೆ ತಾಗದಂತೆ ಚುಚ್ಚಿ ನೋಡಿ. ಎಲ್ಲ ಕಡೆ ಕನಿಷ್ಠ 165 ಫ್ಯಾರನ್‌ಹೀಟ್, ಎಂದರೆ 74 ಸೆಲ್ಸಿಯಸ್ ಆಗಿರಬೇಕು. ಅಮೆರಿಕದ ಕೃಷಿ ಇಲಾಖೆ 2006ರಿಂದ ಹೇಳುತ್ತಿರುವ ಒಂದೇ ಸಂಖ್ಯೆ ಇದು. ಅದಕ್ಕೂ ಮೊದಲಿನ ಪುಸ್ತಕಗಳು ಇಡೀ ಹಕ್ಕಿಗೆ 180 ಫ್ಯಾರನ್‌ಹೀಟ್ ಎನ್ನುತ್ತಿದ್ದವು, ಹಿಂದಿನ ತಲೆಮಾರಿನ ಒಣ ಟರ್ಕಿಗೆ ಅದೂ ಒಂದು ಕಾರಣ. ಹೊರತೆಗೆದ ಮೇಲೆ ಅರ್ಧ ಗಂಟೆ ಹಾಗೇ ಬಿಡಿ. ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಹಲಗೆಯ ಮೇಲೆ ಹರಿಯುತ್ತದೆ. ಕೊಯ್ಯುವಾಗ ಮೊದಲು ಕಾಲುಗಳನ್ನು ಸಂದಿನಲ್ಲಿ ಬಿಡಿಸಿ, ಎದೆಯ ಎರಡು ಹೋಳುಗಳನ್ನು ಮೂಳೆಯಿಂದ ಇಡಿಯಾಗಿ ತೆಗೆದು, ಎಳೆಗೆ ಅಡ್ಡವಾಗಿ ಹೆಚ್ಚಿ.

ಆ ಅರ್ಧ ಗಂಟೆಯಲ್ಲಿ ಗ್ರೇವಿ ಮಾಡಿಕೊಳ್ಳಬಹುದು, ನಮ್ಮ ಕೈರುಚಿಗೆ ಜಾಗ ಇರುವುದೂ ಇಲ್ಲೇ. ಮೊಸರು, ಶುಂಠಿ, ಬೆಳ್ಳುಳ್ಳಿ, ಗರಂ ಮಸಾಲೆ ಹಚ್ಚಿ ಟರ್ಕಿ ಮಾಡುವ ನಮ್ಮವರು ಅನೇಕರು. ಉಪ್ಪು ಮಾಂಸದ ಆಳಕ್ಕೆ ಇಳಿಯುತ್ತದೆ, ಮಸಾಲೆಯ ಘಮ ಮೇಲಿನ ಕೆಲವು ಮಿಲಿಮೀಟರ್ ದಾಟುವುದಿಲ್ಲ. ಒದ್ದೆ ಮಸಾಲೆ ಚರ್ಮವನ್ನು ಮೆತ್ತಗೆ ಮಾಡುತ್ತದೆ, ಮೊಸರು ಬೇಗ ಸೀಯುತ್ತದೆ. ಮಸಾಲೆಯನ್ನು ಗ್ರೇವಿಗೆ ಹಾಕಿ, ಪ್ರತಿ ತುತ್ತಿಗೂ ಸಿಗುತ್ತದೆ. ಕುತ್ತಿಗೆ, ಗುಂಡಿಗೆ, ಬೆನ್ನೆಲುಬನ್ನು ಬೆಳಿಗ್ಗೆಯೇ ಈರುಳ್ಳಿಯೊಂದಿಗೆ ಕುದಿಸಿ ರಸ ಇಳಿಸಿಕೊಳ್ಳಿ. ಲಿವರ್ ಕುದಿಸಬೇಡಿ, ಕಹಿ ಬಿಡುತ್ತದೆ. ಪ್ಯಾನಿನ ತಳದ ಕೊಬ್ಬಿನಲ್ಲಿ ಮೈದಾ ಹುರಿದು, ಆ ರಸ ಸುರಿದು, ತಳಕ್ಕೆ ಹಿಡಿದ ಕಂದು ಹೊಪ್ಪಳೆಯನ್ನೆಲ್ಲ ಕೆರೆದು ಕುದಿಸಿ. ಹುರಿದು ಕುಟ್ಟಿದ ಕರಿಮೆಣಸು ಹಾಕಿ, ಕೊಡಗಿನವರ ಮನೆಯಲ್ಲಿ ಕಾಚಂಪುಳಿ ಇದ್ದರೆ ಕೊನೆಗೆ ಕೆಲವು ಹನಿ ಬಿಡಿ. ಟರ್ಕಿಯ ಸೌಮ್ಯ ಮಾಂಸಕ್ಕೆ ಆ ಹುಳಿ, ಆ ಖಾರ ಬಹಳ ಒಪ್ಪುತ್ತವೆ. ಹುಳಿಯಾದ ಕ್ರ್ಯಾನ್‌ಬೆರಿಯಿಂದ ಬೆಲ್ಲ, ಸಾಸಿವೆ ಒಗ್ಗರಣೆಯ ಗೊಜ್ಜು ಮಾಡಿದರೆ ಮೇಜಿನಲ್ಲಿರುವ ಸಸ್ಯಾಹಾರಿಗಳಿಗೂ ಅನ್ನಕ್ಕೆ ಕಲಸಿಕೊಳ್ಳಲು ಆಗುತ್ತದೆ.

ಊಟ ಮುಗಿದು ಹರಟೆಗೆ ಕೂತಾಗ ಮಾಂಸ ಮೇಜಿನ ಮೇಲೇ ಉಳಿಯದಿರಲಿ. ಬಡಿಸಿದ ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ, ಸಣ್ಣ ಡಬ್ಬಿಗಳಲ್ಲಿ ಫ್ರಿಜ್‌ಗೆ ಸೇರಿಸಿ. ಮೂಳೆಗಳನ್ನು ಅದೇ ರಾತ್ರಿ ಕುದಿಯಲು ಇಟ್ಟರೆ ಶುಕ್ರವಾರಕ್ಕೆ ಸೊಗಸಾದ ಸಾರು, ಕಾಲಿನ ಮಾಂಸದಿಂದ ಬಿರಿಯಾನಿ. ಭಾನುವಾರದವರೆಗೆ ಫ್ರಿಜ್‌ನಲ್ಲಿ ನಿಶ್ಚಿಂತೆಯಿಂದ ಇಡಬಹುದು. ಆಮೇಲೂ ಉಳಿಯುವಷ್ಟಿದ್ದರೆ ಮೊದಲೇ ಫ್ರೀಜರ್‌ಗೆ ಹಾಕಿ.